ಕೂಡ್ಲಿಯ ಸಂಗಮದಲ್ಲಿ ಅತ್ತೆಯವರಿಗೆ ಮುಳುಗು ಹಾಕಿಸಬಹುದಾ?

ಓದುಗರ ಪ್ರಶ್ನೆ:

"ನಾವು ಅರಸೀಕೆರೆ ಕಡೆಯವರು. ನಮ್ಮಲ್ಲಿ ಹೊಳೆ ಇಲ್ಲ, ಇರುವುದು ಕೆರೆ ಮಾತ್ರ. ಹೋದ ವರ್ಷ ನಮ್ಮ ಮಾವ ತೀರಿಕೊಂಡರು. ಅವರ ಅಸ್ಥಿಯನ್ನು ನನ್ನ ಯಜಮಾನರು ಮತ್ತು ಮೈದುನ ಶಿವಮೊಗ್ಗದ ಹತ್ತಿರ ತುಂಗೆ, ಭದ್ರೆ ಸೇರುವ ಕೂಡ್ಲಿಯ ಸಂಗಮದಲ್ಲಿ ಬಿಟ್ಟು ಬಂದರು. ಅತ್ತೆಗೆ ಆಗ ಹೋಗಲು ಆಗಲಿಲ್ಲ. ಅವರಿಗೆ ಈಗ 71 ವರ್ಷ. ಬಿಪಿ ಮಾತ್ರೆ ತಗೊಳ್ಳುತ್ತಾರೆ, ಮಂಡಿ ನೋವಿದೆ. ದೀಪಾವಳಿ ರಜೆಯಲ್ಲಿ ಅಲ್ಲಿಗೆ ಕರ್ಕೊಂಡು ಹೋಗಿ, ಮೂರು ಮುಳುಗು ಹಾಕಿಸಿ ಅಂತ ಕೇಳುತ್ತಿದ್ದಾರೆ. ಹಾಗೇ ಹಳೇ ಗುಡಿ ನೋಡಿ, ದಂಡೆ ಮೇಲೆ ಮರದ ನೆರಳಲ್ಲಿ ಊಟ ಮಾಡಿ ಬರೋಣ ಅಂತ ನಮ್ಮ ಆಸೆ. ಮಗನಿಗೆ 14, ಬೇಸಿಗೆ ಶಿಬಿರದಲ್ಲಿ ಈಜು ಕಲಿತಿದ್ದಾನೆ. ಮಗಳಿಗೆ 6. ಯಜಮಾನರಿಗೂ ನನಗೂ ಈಜು ಬರಲ್ಲ. ಒಬ್ಬ ಸಂಬಂಧಿಕರು 'ಮೊಣಕಾಲುದ್ದ ನೀರು, ಏನೂ ಆಗಲ್ಲ, ದಿನಾ ಜನ ಇಳೀತಾರೆ' ಅನ್ನುತ್ತಾರೆ. ಪಕ್ಕದ ಮನೆಯವರು 'ಸಂಗಮ ಅಂದ್ರೆ ಸುಳಿ ಇದ್ದೇ ಇರುತ್ತೆ, ವರ್ಷಕ್ಕೊಂದು ಬಲಿ ತಗೊಳ್ಳುತ್ತೆ' ಅನ್ನುತ್ತಾರೆ. ಯಾರ ಮಾತು ನಂಬಬೇಕು? ಮಕ್ಕಳಿಗೆ ಗಾಳಿ ಟ್ಯೂಬ್ ತಂದರೆ ಸಾಕಾ? ಅಥವಾ ಹೋಗುವುದನ್ನೇ ಬಿಡೋದಾ?"

ಉತ್ತರ:

ಹೋಗುವುದನ್ನು ಬಿಡಬೇಡಿ. ಒಂದು ವರ್ಷದಿಂದ ಒಬ್ಬ ಹೆಂಗಸು ತನ್ನ ಗಂಡನ ಅಸ್ಥಿ ಬಿಟ್ಟ ಜಾಗವನ್ನು ನೋಡಬೇಕು ಅಂತ ಕಾಯುತ್ತಿದ್ದಾರೆ. ಅದನ್ನು 'ನೀರು ಅಪಾಯ' ಅಂತ ಒಂದೇ ಮಾತಲ್ಲಿ ತಳ್ಳಿಹಾಕಬಾರದು. ಆದರೆ ದೀಪಾವಳಿ ಹೊತ್ತಿಗೆ ಅವರನ್ನು ಹೊಳೆಯೊಳಗೆ ಇಳಿಸಿ ಮುಳುಗು ಹಾಕಿಸುವುದು ಬೇಡ. ಇವೆರಡೂ ಒಟ್ಟಿಗೆ ಸಾಧ್ಯ. ಹೇಗೆ ಅಂತ ಹೇಳುತ್ತೇನೆ.

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಈಜು ಮತ್ತು ನೀರಿನಲ್ಲಿ ಜೀವ ಉಳಿಸುವುದನ್ನು ಕಲಿಸುತ್ತಿದ್ದೇನೆ. ತುಂಗೆಯ ದಂಡೆಯಲ್ಲಿ ನಿಂತು ಹೆಣ ಹುಡುಕುವವರಿಗೆ ಹಗ್ಗ ಹಿಡಿದುಕೊಟ್ಟ ದಿನಗಳೂ ಇವೆ. ಹಾಗೆ ನಿಂತಾಗಲೆಲ್ಲ ದಂಡೆ ಮೇಲಿನ ಮನೆಯವರ ಬಾಯಲ್ಲಿ ಒಂದೇ ಮಾತು: "ನೀರು ಇಷ್ಟೇ ಇತ್ತು ಸಾರ್." ಕೈಯನ್ನು ಮೊಣಕಾಲಿನ ಹತ್ತಿರ ಹಿಡಿದು ತೋರಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನೀರು ನಿಜವಾಗಿಯೂ ಅಷ್ಟೇ ಇತ್ತು.

ಅದಕ್ಕೇ ನಿಮ್ಮ ಸಂಬಂಧಿಕರ ಮಾತಿನಿಂದಲೇ ಶುರು ಮಾಡುತ್ತೇನೆ.

ಮೊಣಕಾಲುದ್ದ ನೀರು ಅನ್ನುವುದು ಕೆರೆಗೆ ಒಪ್ಪುವ ಅಳತೆ. ಹೊಳೆಯಲ್ಲಿ ಆಳದ ಜೊತೆ ಓಟವನ್ನೂ ನೋಡಬೇಕು. ನೀರಿನ ಓಟ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದ ನೀರು ಸೆಕೆಂಡಿಗೆ 1 ಮೀಟರ್ ಓಡುತ್ತಿದ್ದರೆ ನಿಮ್ಮ ಎರಡು ಕಾಲಿನ ಮೇಲೆ ಬೀಳುವ ಬಲ ಸುಮಾರು ನಾಲ್ಕೈದು ಕೆಜಿ ತೂಕದಷ್ಟು. ಅದನ್ನು ತಡೆದು ನಿಲ್ಲಬಹುದು. ಅದೇ ನೀರು 2 ಮೀಟರ್ ಓಡಿದರೆ ಹದಿನೆಂಟು ಕೆಜಿ ಹತ್ತಿರ. ಇದು ಬರಿಗಾಲಿನ ಲೆಕ್ಕ. ಸೀರೆ ಉಟ್ಟವರ ನೆರಿಗೆ ನೀರಲ್ಲಿ ಹರಡಿಕೊಂಡರೆ ಹಾಯಿ ಬಿಚ್ಚಿದ ಹಾಗೆ, ಬಲ ಇನ್ನೂ ಎರಡು ಮೂರು ಪಟ್ಟು ಏರುತ್ತದೆ. ಮಂಡಿ ನೋವಿರುವ, 71ರ ಹೆಂಗಸು ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ನಿಂತು ಅದನ್ನು ತಡೆಯಲಾರರು.

ಇನ್ನೊಂದು ಸಂಗತಿ ಇದೆ. ನೀರಲ್ಲಿ ಇಳಿದಷ್ಟೂ ನಮ್ಮ ತೂಕ ಕಡಿಮೆಯಾಗುತ್ತದೆ. ಎದೆಮಟ್ಟ ನೀರಲ್ಲಿ ಪಾದದ ಮೇಲೆ ಬೀಳುವ ಭಾರ ತೀರಾ ಸ್ವಲ್ಪ. ನೆಲವನ್ನು ಕಾಲು ಹಿಡಿಯುವುದೇ ಭಾರದಿಂದ ತಾನೆ? ಅಂದರೆ ಆಳ ಹೆಚ್ಚಿದ ಹಾಗೆ ನೀರು ತಳ್ಳುವುದು ಜಾಸ್ತಿ, ಕಾಲು ಹಿಡಿಯುವುದು ಕಡಿಮೆ. ಎರಡೂ ಒಟ್ಟಿಗೆ ನಮ್ಮ ವಿರುದ್ಧ ತಿರುಗುತ್ತವೆ. 'ಯಾರೋ ಕಾಲು ಹಿಡಿದು ಎಳೆದ ಹಾಗಾಯ್ತು' ಅಂತ ಬದುಕಿ ಬಂದವರು ಹೇಳುವುದು ಇದನ್ನೇ. ಎಳೆಯುವವರು ಯಾರೂ ಇಲ್ಲ. ಕಾಲು ನೆಲ ಬಿಟ್ಟಿತು, ಅಷ್ಟೇ.

ಈಗ ಪಕ್ಕದ ಮನೆಯವರ ಮಾತು. ಹೊಳೆ ಬಲಿ ಕೇಳುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಮತ್ತು ಈ ಮಾತಿನ ಬಗ್ಗೆ ನನಗೆ ಸಿಟ್ಟೂ ಇದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಾವಾಗುವುದು ನಿಜ. ಯಾಕೆಂದರೆ ಅಲ್ಲಿ ಅದೇ ಜಾರುವ ಮೆಟ್ಟಿಲು, ಅದೇ ಮುರಿದ ಅಂಚು, ಅದೇ ಗುಂಡಿ, ಅದೇ ಹಬ್ಬದ ಜನಜಂಗುಳಿ. ಕಾರಣ ಕಣ್ಣೆದುರೇ ಇರುತ್ತದೆ. ಅದಕ್ಕೆ ಬಲಿ ಅಂತ ಹೆಸರಿಟ್ಟ ಕೂಡಲೇ ಆ ಮೆಟ್ಟಿಲಿಗೆ ಕಂಬಿ ಹಾಕಿಸಬೇಕು ಅಂತ ಯಾರೂ ಕೇಳುವುದಿಲ್ಲ. ನಾನು ಬಲ್ಲ ಒಂದು ಸ್ನಾನಘಟ್ಟದಲ್ಲಿ ಹೀಗೆಯೇ ವರ್ಷಗಟ್ಟಲೆ ಜನ ಹೆದರಿಕೊಂಡಿದ್ದರು. ಕೊನೆಗೆ ಬೇಸಿಗೆಯಲ್ಲಿ ನೀರು ಇಳಿದಾಗ ನೋಡಿದರೆ ನಾಲ್ಕನೇ ಮೆಟ್ಟಿಲಾದ ಮೇಲೆ ಐದನೆಯದು ಇರಲೇ ಇಲ್ಲ. ಒಂದಾಳುದ್ದ ಹೊಂಡ. ಮೇಲಿಂದ ಎಣಿಸಿಕೊಂಡು ಇಳಿದವರು ಐದನೇ ಹೆಜ್ಜೆಗೆ ಹೋಗುತ್ತಿದ್ದರು.

ಆದರೆ ಸಂಗಮದಲ್ಲಿ ಸುಳಿ ಇರುತ್ತದೆ ಅನ್ನುವುದರಲ್ಲಿ ಹುರುಳಿದೆ.

ತುಂಗೆ ಮತ್ತು ಭದ್ರೆ ಎರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ದಾಟಿ 147 ಕಿಲೋಮೀಟರ್ ಹರಿದು ಬರುತ್ತಾಳೆ. ಭದ್ರೆ ಬೇರೆ ದಾರಿ ಹಿಡಿದು, ಲಕ್ಕವಳ್ಳಿ ಅಣೆಕಟ್ಟು, ಭದ್ರಾವತಿ ದಾಟಿ 171 ಕಿಲೋಮೀಟರ್ ಹರಿದು ಬರುತ್ತಾಳೆ. ಇಬ್ಬರೂ ಕೂಡುವ ಊರು ಕೂಡ್ಲಿ. ಕೂಡುವಾಗ ಇಬ್ಬರ ಓಟವೂ ಒಂದೇ ಸಮ ಇರುವುದಿಲ್ಲ. ಒಂದು ಜೋರು, ಒಂದು ಮೆಲ್ಲಗೆ. ಎರಡೂ ಉಜ್ಜಿಕೊಂಡು ಹೋಗುವ ಗೆರೆಯಲ್ಲಿ ನೀರು ಸುತ್ತುತ್ತದೆ. ಕೆಲವು ದಿನ ನೀರಿನ ಬಣ್ಣವೇ ಬೇರೆ ಬೇರೆ ಇದ್ದು ಆ ಗೆರೆ ಕಣ್ಣಿಗೆ ಕಾಣುತ್ತದೆ. ಸಾಮಾನ್ಯವಾಗಿ ಎರಡು ಹೊಳೆ ಕೂಡುವ ಜಾಗದಲ್ಲಿ ಆ ಗೆರೆಯ ಕೆಳಗೆ ತಳ ಕೊರೆದು ಆಳವಾಗಿರುತ್ತದೆ. ಪಕ್ಕದಲ್ಲಿ, ನೀರು ಮೆತ್ತಗಿರುವ ಕಡೆ, ಮರಳೋ ಮೆಕ್ಕಲೋ ಬಂದು ದಿಬ್ಬ ಕಟ್ಟುತ್ತದೆ.

ಜನ ನಿಲ್ಲುವುದು ಈ ದಿಬ್ಬದ ಮೇಲೆ. ನೀರು ಪಾದ ಮುಳುಗುವಷ್ಟೇ ಇರುತ್ತದೆ, ಮಕ್ಕಳು ಆಡುತ್ತಿರುತ್ತಾರೆ. ದಿಬ್ಬ ಮೆಲ್ಲಗೆ ಇಳಿಜಾರಾಗಿ ಮುಗಿಯುತ್ತದೆ ಅಂತ ನಾವಂದುಕೊಳ್ಳುತ್ತೇವೆ. ಹೊಳೆ ಕಟ್ಟಿದ ಮರಳು ದಿಬ್ಬದ ಕೆಳಗಿನ ಅಂಚು ಹಾಗಿರುವುದಿಲ್ಲ, ಕಡಿದಾಗಿರುತ್ತದೆ. ಮೇಲೆ ಕಾಲಿಟ್ಟರೆ ಕುಸಿಯುತ್ತದೆ. ಒಂದು ಹೆಜ್ಜೆ ಹಿಂದೆ ಮೊಣಕಾಲು, ಒಂದು ಹೆಜ್ಜೆ ಮುಂದೆ ಕುತ್ತಿಗೆ. ಮರಳು ತೆಗೆದಿರುವ ಹೊಳೆಗಳಲ್ಲಂತೂ ಗುಂಡಿ ಎಲ್ಲಿ ಬೇಕಾದರೂ ಇರಬಹುದು. ಪ್ರತಿ ಮಳೆಗಾಲಕ್ಕೂ ಇದೆಲ್ಲ ಜಾಗ ಬದಲಾಯಿಸುತ್ತದೆ. ಹೋದ ವರ್ಷ ನಿಮ್ಮ ಯಜಮಾನರು ಎಲ್ಲಿ ಇಳಿದಿದ್ದರೋ ಅಲ್ಲಿ ಈ ವರ್ಷ ಅದೇ ತಳ ಇರುತ್ತದೆ ಅನ್ನುವಂತಿಲ್ಲ.

ಕಣ್ಣೂ ಮೋಸ ಮಾಡುತ್ತದೆ. ತಿಳಿನೀರಿನಲ್ಲಿ ತಳ ನಿಜಕ್ಕಿಂತ ಮೇಲೆ ಇದ್ದಂತೆ ಕಾಣುತ್ತದೆ. ನಾಲ್ಕಡಿ ಆಳ ಮೂರಡಿಯ ಹಾಗೆ ತೋರುತ್ತದೆ. ಆರು ವರ್ಷದ ನಿಮ್ಮ ಮಗಳಿಗೆ ಆ ಒಂದಡಿಯಲ್ಲೇ ಮೂಗು ಮುಳುಗುತ್ತದೆ.

ದೀಪಾವಳಿಯ ಹೊತ್ತು ಅಂತ ಬರೆದಿದ್ದೀರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊರಗಿನಿಂದ ಬರುವವರು ಹೆಚ್ಚು ತಪ್ಪುವುದು ಇಲ್ಲೇ. "ಮಳೆ ನಿಂತು ವಾರ ಆಯ್ತು, ಬಿಸಿಲು ಬಂದಿದೆ, ಹೊಳೆ ಇಳಿದಿರುತ್ತೆ" ಅನ್ನುತ್ತಾರೆ. ಕೂಡ್ಲಿಯ ನೀರನ್ನು ಕೂಡ್ಲಿಯ ಆಕಾಶ ನೋಡಿ ಹೇಳಲಾಗದು. ತುಂಗೆಗೆ ಶಿವಮೊಗ್ಗಕ್ಕಿಂತ ಮೇಲೆ ಗಾಜನೂರಿನಲ್ಲಿ ಅಣೆಕಟ್ಟು ಇದೆ. ಅದು ಚಿಕ್ಕದು, ಹಿಡಿಯುವುದು 3.24 ಟಿಎಂಸಿ ಅಷ್ಟೇ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಮಳೆಗಾಲದ ಶುರುವಿಗೇ ತುಂಬುತ್ತದೆ. ಆಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಹೊಯ್ದರೆ ಬಂದ ನೀರನ್ನು ಹಾಗೇ ಹೊಳೆಗೆ ಬಿಡಬೇಕಾಗುತ್ತದೆ. ಘಟ್ಟದ ಮೇಲಿನ ಮಳೆ ಕೂಡ್ಲಿಗೆ ಬರಲು ಹೆಚ್ಚು ಹೊತ್ತು ಬೇಕಿಲ್ಲ.

ಲಕ್ಕವಳ್ಳಿಯ ಭದ್ರಾ ಜಲಾಶಯ ಹಾಗಲ್ಲ. ಅದು 71 ಟಿಎಂಸಿ ಮೀರಿ ಹಿಡಿಯುವ ದೊಡ್ಡ ಕಣಜ. ಮಳೆಗಾಲವಿಡೀ ಕುಡಿಯುತ್ತಾ ಕೂರುತ್ತದೆ, ಅಷ್ಟು ದಿನ ಕೆಳಗಿನ ಭದ್ರೆ ಸಣ್ಣಗೆ ಇರುತ್ತಾಳೆ. ಜಲಾಶಯದ ಮಟ್ಟ 186 ಅಡಿ ಮುಟ್ಟುವ ಹೊತ್ತಿಗೆ ಒಳಹರಿವು ಬರುತ್ತಲೇ ಇದ್ದರೆ ಗೇಟು ಎತ್ತುತ್ತಾರೆ. ಅದು ಮಳೆಗಾಲದ ಕೊನೆಗೂ ಆಗಬಹುದು, ಹಿಂಗಾರು ಜೋರಾದರೆ ಅಕ್ಟೋಬರ್‌ನಲ್ಲೂ ಆಗಬಹುದು. ಹಾಗಾಗಿ ಸಂಗಮದಲ್ಲಿ ಒಂದು ಕಡೆ ಇಳಿದಿದ್ದರೂ ಇನ್ನೊಂದು ಕಡೆ ಏರುತ್ತಿರಬಹುದು. ಬೆಳಿಗ್ಗೆ ಕಂಡ ಮೆಟ್ಟಿಲು ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಕಾಣದೆ ಹೋಗಬಹುದು. ಗೇಟು ಎತ್ತುವ ಮುಂಚೆ ಹೊಳೆದಂಡೆಯವರಿಗೆ ಎಚ್ಚರಿಕೆ ಕೊಡುತ್ತಾರೆ, ಸ್ಥಳೀಯ ಪತ್ರಿಕೆಗಳಲ್ಲೂ ಬರುತ್ತದೆ. ಅರಸೀಕೆರೆಯಲ್ಲಿ ಕೂತವರ ಕಣ್ಣಿಗೆ ಅದು ಬೀಳುವುದಿಲ್ಲ. ಹೊರಡುವ ಹಿಂದಿನ ದಿನ ಎರಡೂ ಜಲಾಶಯಗಳ ಹೊರಹರಿವು ಎಷ್ಟಿದೆ ಅಂತ ನೋಡಿಕೊಳ್ಳಿ. ಮಳೆಗಾಲದ ದಿನಗಳಲ್ಲಿ ಶಿವಮೊಗ್ಗದ ಸುದ್ದಿಗಳಲ್ಲಿ ಇದು ಇದ್ದೇ ಇರುತ್ತದೆ.

ಅತ್ತೆಯವರ ಆರೋಗ್ಯದ ಮಾತೂ ಇದೆ. ತಣ್ಣೀರಿಗೆ ದಿಢೀರನೆ ಇಳಿದರೆ ಯಾರಿಗೇ ಆಗಲಿ ಉಸಿರು ಒಮ್ಮೆ ಗಕ್ಕನೆ ಒಳಗೆ ಎಳೆದುಕೊಳ್ಳುತ್ತದೆ. ತಲೆ ನೀರೊಳಗೆ ಇದ್ದಾಗ ಹಾಗಾದರೆ ನೀರೇ ಒಳಗೆ ಹೋಗುತ್ತದೆ. ರಕ್ತನಾಳ ಬಿಗಿದು ಬಿಪಿ ಏರುತ್ತದೆ, ಎದೆಗೆ ಶ್ರಮ. ಜೊತೆಗೆ ಸ್ನಾನ ಆಗುವ ತನಕ ಏನೂ ತಿನ್ನಬಾರದು ಅಂತ ಉಪವಾಸ ಇದ್ದು, ಬೆಳಗಿನ ಮಾತ್ರೆಯನ್ನೂ ಬಿಟ್ಟು ಬರುವವರು ಬಹಳ ಜನ. ಮುಳುಗು ಹಾಕಿ ಎದ್ದಾಗ ಕಣ್ಣು ಕತ್ತಲೆ ಬಂದು ಬೀಳುವವರನ್ನು ನಾನೇ ಹಿಡಿದಿದ್ದೇನೆ. ಮಾತ್ರೆ ತಪ್ಪಿಸಬೇಡಿ. ಬರುವ ಮುಂಚೆ ಅವರ ಡಾಕ್ಟರ ಹತ್ತಿರ ಒಂದು ಮಾತು ಕೇಳಿ.

ಹಾಗಾದರೆ ಏನು ಮಾಡಬಹುದು?

ನಾನು ಹೇಳುವುದು ಚೊಂಬಿನ ಸ್ನಾನ. ಇದು ನನ್ನ ಕಲ್ಪನೆಯಲ್ಲ. ಹೊಳೆದಂಡೆಯ ಊರುಗಳಲ್ಲಿ ವಯಸ್ಸಾದವರು ಮಾಡುವುದೇ ಹೀಗೆ. ಅತ್ತೆಯವರು ನೀರಿಗಿಂತ ಎರಡು ಮೂರು ಮೆಟ್ಟಿಲು ಮೇಲೆ, ಒಣಗಿದ ಜಾಗದಲ್ಲಿ ಕೂರಲಿ. ನಿಲ್ಲುವುದು ಬೇಡ, ಕೂರಲಿ. ಮಂಡಿ ನೋವಿಗೆ ಒಂದು ಗಿಡ್ಡ ಸ್ಟೂಲು ತಂದರೆ ಒಳ್ಳೆಯದು. ಅದು ಅಲುಗಾಡದ ಹಾಗೆ ಅಗಲವಾದ ಸಮ ಕಲ್ಲಿನ ಮೇಲೆ ಇಡಿ. ನಿಮ್ಮ ಯಜಮಾನರು ಬಿಂದಿಗೆಯಲ್ಲಿ ನೀರು ತುಂಬಿ ತರಲಿ, ಮೊದಲು ಪಾದಕ್ಕೆ, ಆಮೇಲೆ ಕೈಗೆ, ಭುಜಕ್ಕೆ, ಕೊನೆಗೆ ತಲೆಗೆ ಹಾಕಲಿ. ಮೈ ಹೊಂದಿಕೊಳ್ಳಲು ಈ ಕ್ರಮ. ಮೂರು ಮುಳುಗಿನ ಬದಲು ಮೂರು ಚೊಂಬು. ಸಂಕಲ್ಪ ಅವರ ಮನಸ್ಸಿನದು. ಅವರಿಗೆ ಅಳುಕು ಇದ್ದರೆ ಅಲ್ಲಿನ ಅರ್ಚಕರನ್ನು ಅವರೇ ಕೇಳಲಿ. ಚೊಂಬಿನ ನೀರನ್ನು ಬೇಡ ಅಂದ ಅರ್ಚಕರನ್ನು ನಾನು ಇದುವರೆಗೆ ಕಂಡಿಲ್ಲ.

ಇದರಲ್ಲೂ ಅಪಾಯ ಇದೆ. ನೀರು ತುಂಬುವವರು ಬಗ್ಗುತ್ತಾರೆ, ಮತ್ತು ಬಗ್ಗುವ ಮೆಟ್ಟಿಲೇ ಅತಿ ಜಾರುವ ಮೆಟ್ಟಿಲು. ನೀರು ಏರಿಳಿಯುವ ಕಡೆ ಪಾಚಿ ದಟ್ಟವಾಗಿರುತ್ತದೆ. ಹಸಿರಾಗಿ ಕಂಡರೆ ಗೊತ್ತಾಗುತ್ತದೆ, ಕಪ್ಪಗೆ ಒದ್ದೆ ಕಲ್ಲಿನ ಹಾಗೇ ಕಾಣುವ ಪಾಚಿ ಇನ್ನೂ ಕೆಟ್ಟದ್ದು. ರಬ್ಬರ್ ಚಪ್ಪಲಿ ಅದರ ಮೇಲೆ ನಿಲ್ಲುವುದಿಲ್ಲ. ನಾವು ಹಳೆಯ ದಪ್ಪ ಕಾಲುಚೀಲ ಹಾಕಿಕೊಂಡು ಇಳಿಯುತ್ತೇವೆ, ಬಟ್ಟೆ ಪಾಚಿಯನ್ನು ಚೆನ್ನಾಗಿ ಕಚ್ಚುತ್ತದೆ. ಯಜಮಾನರು ನಿಂತು ಬಗ್ಗದೆ ಕೂತುಕೊಂಡು ತುಂಬಲಿ. ಇನ್ನೂ ಒಳ್ಳೆಯದು, ಬಿಂದಿಗೆಯ ಕಂಠಕ್ಕೆ ಹಗ್ಗ ಕಟ್ಟಿ ಮೇಲಿನಿಂದಲೇ ಸೇದುವುದು. ಬಿಂದಿಗೆ ಕೈ ಜಾರಿದರೆ ಹೋಗಲಿ ಬಿಡಿ. ಜಾರಿದ ಚೊಂಬು, ತೇಲಿಹೋದ ಚಪ್ಪಲಿ, ಇವುಗಳ ಹಿಂದೆ ಹೋಗಿ ಹೋದವರೆಷ್ಟೋ.

ಪಾದವನ್ನಾದರೂ ಹೊಳೆಗೆ ತಾಗಿಸಬೇಕು ಅಂತ ಅತ್ತೆಯವರು ಹಟ ಹಿಡಿದರೆ, ಹಿಡಿಯಬಹುದು, ನಾನಾದರೂ ಹಿಡಿಯುತ್ತಿದ್ದೆನೋ ಏನೋ. ಆಗ ಮೊದಲು ಒಂದು ಒಣ ಎಲೆ ನೀರಿಗೆ ಹಾಕಿ. ಮೆಟ್ಟಿಲ ಪಕ್ಕದಲ್ಲಿ ಅದು ಸುಮ್ನೆ ಅಲ್ಲೇ ತೂಗಾಡುತ್ತಿದ್ದರೆ ಸರಿ. ಅದರ ಜೊತೆ ಹೋಗಲು ನೀವು ದಂಡೆ ಮೇಲೆ ನಡೆಯಬೇಕಾಗಿ ಬಂದರೆ ಆ ದಿನ ಪಾದವೂ ಬೇಡ. ನೀರು ಕೆಂಪಗಿದ್ದರೆ, ಕಸಕಡ್ಡಿ, ಕೊಂಬೆ ತೇಲಿ ಬರುತ್ತಿದ್ದರೆ ಎಲೆ ಹಾಕಿ ನೋಡುವ ಅಗತ್ಯವೂ ಇಲ್ಲ, ಮೇಲೆ ಬನ್ನಿ. ಎಲ್ಲ ಸರಿ ಇದ್ದರೆ, ಕೂತ ಮೆಟ್ಟಿಲಿನಿಂದಲೇ ಕಾಲು ಇಳಿಬಿಡಲಿ. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಳ್ಳಲಿ. ಒಬ್ಬರು ಹಿಂದೆ ಕೂತು ಸೊಂಟ ಬಳಸಿ ಹಿಡಿಯಲಿ. ಕೈ ಹಿಡಿದರೆ ಸಾಲದು, ಒದ್ದೆ ಕೈ ಜಾರುತ್ತದೆ.

ನಿಜವಾದ ಮುಳುಗೇ ಆಗಬೇಕು ಅಂದರೆ ಮತ್ತೊಮ್ಮೆ ಬನ್ನಿ, ಫೆಬ್ರವರಿ, ಮಾರ್ಚ್ ಹೊತ್ತಿಗೆ. ಹೊಳೆ ಸಣ್ಣಗಾಗಿರುತ್ತದೆ, ತಳ ಕಾಣುತ್ತದೆ, ನೀರೂ ಅಷ್ಟು ಕೊರೆಯುವುದಿಲ್ಲ. ಆಗಲೂ ಆ ಊರಿನವರು, ದಿನಾ ಅಲ್ಲೇ ಇಳಿಯುವವರು ತೋರಿಸಿದ ಜಾಗದಲ್ಲಿ ಮಾತ್ರ, ಮತ್ತು ಅವರು ಜೊತೆಗಿದ್ದರೆ ಮಾತ್ರ. ಅಪಾಯ ಆಗ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಅಣೆಕಟ್ಟಿನಿಂದ ಬೇಸಿಗೆಯಲ್ಲೂ ಹೊಳೆಗೆ ನೀರು ಬಿಡುವುದುಂಟು.

ನೀರನ್ನು ಕುಡಿಸಬೇಡಿ. 'ಗಂಗಾ ಸ್ನಾನ, ತುಂಗಾ ಪಾನ' ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಆ ಮಾತು ಹುಟ್ಟಿದಾಗ ತುಂಗೆ ಹಾಗೇ ಇದ್ದಳು. ಕೂಡ್ಲಿಗೆ ಬರುವ ತುಂಗೆ ಶಿವಮೊಗ್ಗ ನಗರ ದಾಟಿ, ಅಲ್ಲಿನ ಚರಂಡಿ ನೀರನ್ನೂ ಸೇರಿಸಿಕೊಂಡು ಬರುತ್ತಾಳೆ. ಬರೆಯಲು ಸಂಕಟವಾಗುತ್ತದೆ, ಆದರೆ ಹೇಳಲೇಬೇಕು. ತೀರ್ಥ ಅಂತ ಬಾಯಿಗೆ ಹಾಕುವುದು ಬೇಡ, ತಲೆಗೆ ಪ್ರೋಕ್ಷಣೆ ಸಾಕು. ಕಾಲಲ್ಲಿ ಗಾಯವಿದ್ದರೆ ನೀರು ತಾಗಿಸಬೇಡಿ. ಮನೆಗೆ ಬಂದು ಒಮ್ಮೆ ಸೋಪು ಹಾಕಿ ತೊಳೆದುಕೊಳ್ಳಿ.

ಇನ್ನು ಮಕ್ಕಳು. ಗಾಳಿ ಟ್ಯೂಬ್ ಬೇಡವೇ ಬೇಡ. ಅದು ಆಟದ ಸಾಮಾನು. ಹೊಳೆಯಲ್ಲಿ ಅದು ಮಗುವನ್ನು ನಡುನೀರಿಗೆ ಸಾಗಿಸುವ ದೋಣಿ. ಮಗು ಕೈ ಮೇಲೆತ್ತಿದರೆ ಟ್ಯೂಬಿನೊಳಗಿಂದ ಜಾರಿ ಕೆಳಗೆ ಹೋಗುತ್ತದೆ. ಆರು ವರ್ಷದ ಮಗಳಿಗೆ ಬೇಕಿರುವುದು ಒಬ್ಬರು ದೊಡ್ಡವರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಮೊಬೈಲು ಚೀಲದಲ್ಲಿ, ಬೇರೆ ಕೆಲಸ ಇಲ್ಲ. ಆ ಒಬ್ಬರು ಯಾರು ಅಂತ ಕಾರಿನಿಂದ ಇಳಿಯುವ ಮುಂಚೆಯೇ ಹೆಸರು ಹಿಡಿದು ಗೊತ್ತು ಮಾಡಿ. ಎಲ್ಲರೂ ನೋಡಿಕೊಳ್ಳುತ್ತಾರೆ ಅಂದುಕೊಂಡ ಕಡೆ ಯಾರೂ ನೋಡಿಕೊಂಡಿರುವುದಿಲ್ಲ. ಅತ್ತೆಯವರ ಸ್ನಾನದ ಹೊತ್ತಿಗೆ ಎಲ್ಲರ ಕಣ್ಣೂ ಅವರ ಮೇಲೆ ಇರುತ್ತದೆ. ಸಣ್ಣ ಮಕ್ಕಳು ತಪ್ಪಿಸಿಕೊಳ್ಳುವುದು ಆ ಹೊತ್ತಿನಲ್ಲೇ.

ಮುಳುಗುವವರು ಕೈ ಬೀಸಿ ಕಿರುಚುತ್ತಾರೆ ಅಂತ ಸಿನಿಮಾ ನೋಡಿ ನಂಬಿದ್ದೇವೆ. ಮೂರು ಸಲ ಮೇಲೆ ಬರುತ್ತಾರೆ ಅಂತಲೂ ಹೇಳುತ್ತಾರೆ. ಎರಡೂ ಸುಳ್ಳು. ಬಾಯಿ ನೀರಿನ ಮಟ್ಟದಲ್ಲಿ ಇರುವವರಿಗೆ ಉಸಿರಿಗೇ ಸಮಯ ಸಾಲದು, ಕೂಗಲು ಎಲ್ಲಿ? ಸದ್ದೇ ಇರುವುದಿಲ್ಲ. ತಲೆ ಹಿಂದೆ ವಾಲಿ, ಬಾಯಿ ತೆರೆದು, ಏಣಿ ಹತ್ತುವವರ ಹಾಗೆ ಕೈ ಆಡುತ್ತಿರುತ್ತದೆ. ಇದು ನಡೆಯುವುದು ಇಪ್ಪತ್ತರಿಂದ ಅರವತ್ತು ಸೆಕೆಂಡು. ಒಂದು ಫೋಟೋ ತೆಗೆದು, ಸರಿ ಬಂತಾ ಅಂತ ನೋಡುವಷ್ಟು ಹೊತ್ತು.

ನಿಮ್ಮ ಮಗನ ಈಜಿನ ಬಗ್ಗೆ. ಅವನು ಕಲಿತದ್ದು ಒಳ್ಳೆಯದೇ, ಬಿಡಿಸಬೇಡಿ. ಆದರೆ ಈಜುಕೊಳದಲ್ಲಿ ಗೋಡೆ ಇದೆ, ತಳ ಕಾಣುತ್ತದೆ, ನೀರು ನಿಂತಿದೆ, ಸುಸ್ತಾದರೆ ಅಂಚು ಹಿಡಿಯಬಹುದು. ಶಿಬಿರದಲ್ಲಿ ಕಲಿತ ಹುಡುಗ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ ಈಜುತ್ತಾನೆ. ಮಳೆ ನೀರು ತುಂಬಿದ ಹೊಳೆ ಅದಕ್ಕಿಂತ ಜೋರಾಗಿ ಓಡುತ್ತದೆ. ಎದುರು ಈಜಿದರೆ ಸೋಲುವುದು ಲೆಕ್ಕದಲ್ಲೇ ಇದೆ. ನನಗೆ ಈಜೇ ಬರದವರಿಗಿಂತ ಸ್ವಲ್ಪ ಬರುವ ಹದಿನಾಲ್ಕರಿಂದ ಇಪ್ಪತ್ತರ ಹುಡುಗರ ಭಯ ಜಾಸ್ತಿ. ಬರದವರು ದಂಡೆಯಲ್ಲೇ ಇರುತ್ತಾರೆ. ಅವನನ್ನು ಗದರಿಸಿ ಕೂರಿಸುವ ಬದಲು ಒಂದು ಜವಾಬ್ದಾರಿ ಕೊಡಿ. ಐದು ಲೀಟರಿನ ಖಾಲಿ ಕ್ಯಾನು ತನ್ನಿ. ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿ ಮಾಡಿ. ಆ ಸ್ವಲ್ಪ ಭಾರ ಇದ್ದರೇ ಎಸೆದಾಗ ದೂರ ಹೋಗುತ್ತದೆ. ಹಿಡಿಗೆ ಹತ್ತು ಹದಿನೈದು ಮೀಟರ್ ಹಗ್ಗ ಕಟ್ಟಿ. ಒಬ್ಬ ಮನುಷ್ಯನ ತಲೆಯನ್ನು ನೀರಿನ ಮೇಲೆ ಹಿಡಿದಿಡಲು ಆ ಕ್ಯಾನು ಸಾಕು. ಮನೆ ಅಂಗಳದಲ್ಲಿ ನಾಲ್ಕು ದಿನ ಎಸೆದು ಅಭ್ಯಾಸ ಮಾಡಲಿ. ಕೂಡ್ಲಿಯಲ್ಲಿ ಅವನ ಕೆಲಸ ಅದನ್ನು ಹಿಡಿದು ಮೇಲಿನ ಮೆಟ್ಟಿಲಲ್ಲಿ ನಿಲ್ಲುವುದು.

ಯಾರಾದರೂ ಜಾರಿದರೆ ಹಿಂದೆ ಹಾರಬೇಡಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಬಹಳ ಹಿಂದೆ ಒಂದು ದಂಡೆಯಲ್ಲಿ ಹುಡುಗಿಯೊಬ್ಬಳು ಜಾರಿದಳು. ಅಪ್ಪ ಹಾರಿದರು, ಅವರ ಹಿಂದೆ ಚಿಕ್ಕಪ್ಪ. ಹುಡುಗಿ ಹತ್ತು ಮಾರು ಕೆಳಗೆ ಬಂಡೆಗೆ ತಗುಲಿ ಬದುಕಿದಳು. ಅವರಿಬ್ಬರೂ ಬದುಕಲಿಲ್ಲ. ಅದೇ ಹೊಳೆಯ ಇನ್ನೊಂದು ಕಡೆ, ಅಂಥದ್ದೇ ಗಳಿಗೆಯಲ್ಲಿ, ಒಬ್ಬ ಹೆಂಗಸು ಒಣಗಲು ಹಾಕಿದ್ದ ಸೀರೆಯನ್ನು ಎಳೆದು, ಒಂದು ತುದಿಗೆ ಗಂಟು ಹಾಕಿ ಎಸೆದರು. ಎರಡನೇ ಸಲಕ್ಕೆ ಹುಡುಗನ ಕೈಗೆ ಸಿಕ್ಕಿತು. ಸೀರೆ ಐದೂವರೆ ಮೀಟರ್ ಇರುತ್ತದೆ, ಗಟ್ಟಿ ಇರುತ್ತದೆ. ಎಸೆಯುವವರು ಮಲಗಿಕೊಂಡೋ ಕೂತುಕೊಂಡೋ ಎಳೆಯಬೇಕು, ನಿಂತು ಎಳೆದರೆ ಅವರೂ ಹೋಗುತ್ತಾರೆ. ನೀರಿಗೆ ಬಿದ್ದವರು ನೀವೇ ಆದರೆ ಎದುರು ಒದ್ದಾಡಬೇಡಿ. ಅಂಗಾತ ಮಲಗಿ, ಕಾಲನ್ನು ಹರಿವಿನ ಕಡೆ ಮಾಡಿ, ಮೆಲ್ಲಗೆ ಓರೆಯಾಗಿ ದಂಡೆಯ ಕಡೆ ಸರಿಯಿರಿ. ಓಡುವ ನೀರಲ್ಲಿ ಎದ್ದು ನಿಲ್ಲಲು ಹೋದರೆ ಕಾಲು ಕಲ್ಲಿನ ಸಂದಿಗೆ ಸಿಗುತ್ತದೆ.

ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ಹೆಗಲ ಮೇಲೆ ತಲೆಕೆಳಗಾಗಿ ಹಾಕಿಕೊಂಡು ಸುತ್ತುವುದು, ಇವೆಲ್ಲ ಬೇಡ. ಸಮಯ ಹಾಳು, ವಾಂತಿ ಶ್ವಾಸಕೋಶಕ್ಕೆ ಹೋಗುವ ಭಯ ಬೇರೆ. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದಲ್ಲ, ಅದನ್ನು ನಂಬಿ ಚೀಲಗಟ್ಟಲೆ ಉಪ್ಪು ತಂದು ತಾಸುಗಟ್ಟಲೆ ಕಾದ ಅಪ್ಪ ಅಮ್ಮಂದಿರಿದ್ದಾರೆ. ಅದರಿಂದ ಏನೂ ಆಗುವುದಿಲ್ಲ. ಸಮಯ ಇರುವುದು ಮೊದಲ ಕೆಲವು ನಿಮಿಷ ಮಾತ್ರ. ಉಸಿರಾಡುತ್ತಿಲ್ಲವಾದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ, ಮೂಗು ಮುಚ್ಚಿ ಬಾಯಿಯಿಂದ ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಒತ್ತು, 2 ಉಸಿರು, ಮತ್ತೆ 30. ನಿಮಿಷಕ್ಕೆ 100ರಿಂದ 120ರ ವೇಗ, ದೊಡ್ಡವರಿಗೆ ಎರಡು ಇಂಚು ಆಳ. ಇನ್ನೊಬ್ಬರು 112ಕ್ಕೋ 108ಕ್ಕೋ ಕರೆ ಮಾಡಲಿ. ಎಚ್ಚರವಾಗಿ ಕೂತರೂ ಆಸ್ಪತ್ರೆಗೆ ಕರ್ಕೊಂಡು ಹೋಗಲೇಬೇಕು. ಒಳಗೆ ನೀರು ಹೋದವರಿಗೆ ಕೆಲವು ತಾಸಿನ ಮೇಲೆ ಉಸಿರು ಕಟ್ಟುವುದುಂಟು. ಇದನ್ನೆಲ್ಲ ಓದಿ ಕಲಿಯುವುದು ಕಷ್ಟ. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲೋ ಅಗ್ನಿಶಾಮಕ ಠಾಣೆಯಲ್ಲೋ ಕೇಳಿ, ಯಾರಾದರೂ ಒಂದು ಗಂಟೆ ತೋರಿಸಿಕೊಡುತ್ತಾರೆ.

ಇಷ್ಟು ಓದಿ ನಿಮಗೆ ಹೆದರಿಕೆಯೇ ಹೆಚ್ಚಾಗಿದ್ದರೆ, ಹೊಳೆಯನ್ನು ಬಿಟ್ಟು ಉಳಿದ ದಿನವನ್ನು ನೆನೆಸಿಕೊಳ್ಳಿ. ಕೂಡ್ಲಿ ಶಿವಮೊಗ್ಗದಿಂದ 16 ಕಿಲೋಮೀಟರ್ ಆಸುಪಾಸು. ಹೊಯ್ಸಳರ ಕಾಲದ ರಾಮೇಶ್ವರ ಗುಡಿ ಅಲ್ಲಿದೆ. ಪ್ರಹ್ಲಾದ ಪ್ರತಿಷ್ಠೆ ಮಾಡಿದ್ದು ಅಂತ ಜನ ನಂಬುವ ಚಿಂತಾಮಣಿ ನರಸಿಂಹ ಇದ್ದಾನೆ. ನೀರಂಚಿನಲ್ಲಿ ಪುಟ್ಟ ಗುಡಿ ಇದೆ. ಅದರ ಮುಂದೆ ನಿಂತರೆ ಎರಡು ಹೊಳೆ ಎರಡು ಕಡೆಯಿಂದ ಬಂದು ಒಂದಾಗುವುದು ಕಾಣುತ್ತದೆ. ತುಂಗಭದ್ರೆ ಅನ್ನುವ ಹೆಸರು ಶುರುವಾಗುವುದು ಅಲ್ಲಿಂದಲೇ. ಮಕ್ಕಳಿಗೆ ಅದನ್ನು ತೋರಿಸಿ. ಹಳೆಯ ಕಟ್ಟೆ, ಗೋಡೆಗಳ ಅಂಚಿಗೆ ಹತ್ತಿ ಫೋಟೋ ತೆಗೆಯುವುದು ಮಾತ್ರ ಬೇಡ. ಆ ಕಲ್ಲುಗಳೂ ಹಳೆಯವು, ಕೆಳಗೆ ನೀರೂ ಇದೆ.

ಬೆಳಿಗ್ಗೆ ಹತ್ತರ ಮೇಲೆ ಹೊಳೆಗೆ ಹೋಗಿ. ಮೆಟ್ಟಿಲು ಬಿಸಿಲಿಗೆ ಒಣಗಿರುತ್ತದೆ, ನೀರಿನ ಚಳಿಯೂ ಸ್ವಲ್ಪ ಕಡಿಮೆಯಾಗಿರುತ್ತದೆ. ಅತ್ತೆಯವರಿಗೆ ಅದಕ್ಕೆ ಮುಂಚೆ ಎರಡು ಇಡ್ಲಿಯಾದರೂ ತಿನ್ನಿಸಿ. ಒಣ ಸೀರೆ, ದಪ್ಪ ಟವೆಲ್ಲು, ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಕೈಗೆ ಸಿಗುವ ಹಾಗೆ ಇರಲಿ. ಚೊಂಬನ್ನು ಮನೆಯಿಂದಲೇ ತನ್ನಿ. ಮಾವನವರು ದಿನಾ ಸ್ನಾನಕ್ಕೋ ಪೂಜೆಗೋ ಬಳಸುತ್ತಿದ್ದ ಚೊಂಬು ಇನ್ನೂ ಇದ್ದರೆ, ಅದನ್ನೇ ತನ್ನಿ.